ಅರ್ಧ ಗಂಟೆಯೊಳಗೆ ವಸಂತಪುರಕ್ಕೆ

ನನ್ನ ಅಕ್ಕ ತೀರಿಕೊಂಡದ್ದು ಒಂದು ಆಕ್ಸಿಜನ್ ಸಿಲಿಂಡರಿಗಾಗಿ ಕಾಯುತ್ತಾ. ಅದು ಅರ್ಧ ಗಂಟೆಯೊಳಗೆ ವಸಂತಪುರದ ಯಾವ ಮನೆ ಬಾಗಿಲಿಗಾದರೂ ಬರುತ್ತದೆ ಎಂದು ನಾನು ಕೆಲಸಕ್ಕಿದ್ದ ಅಂಗಡಿಯ ವೆಬ್‌ಸೈಟಿನಲ್ಲಿ ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಾಲು ಹೇಗೆ ಹುಟ್ಟಿತು, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಲ್ಲರಿಗಿಂತ ಮೇಲೆ ಹೇಗೆ ಬಂತು, ಅಕ್ಕ ಅದನ್ನು ಏಕೆ ನಂಬಿದಳು ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಇಂಥದ್ದನ್ನು ಬರೆದು ಅಭ್ಯಾಸವಿಲ್ಲ. ಪಿಯುಸಿ ಮುಗಿಸಿ, ಜಯನಗರದ ಒಂದು ಬೇಕರಿಯ ಮಹಡಿಯ ಮೇಲೆ ಆರು ತಿಂಗಳು ಕಂಪ್ಯೂಟರ್ ಕಲಿತವಳು ನಾನು.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಒಂಬತ್ತು ತುಂಬಿತ್ತು. ಅಪ್ಪ ಅದಕ್ಕೂ ಮೊದಲೇ ಇರಲಿಲ್ಲ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಾವಿಬ್ಬರೂ ಬನಶಂಕರಿಯ ಒಂದು ವಠಾರದಲ್ಲಿದ್ದೆವು. ಅಕ್ಕ ಹತ್ತಿರದ ನರ್ಸರಿ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಸಂಜೆ ನನ್ನಿಂದ ದಿನಪತ್ರಿಕೆ ಓದಿಸುತ್ತಿದ್ದಳು. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿಯೇ ಎಸೆಯುವವಳು. ಬಾಯಲ್ಲಿ ಹೇಳಿದ್ದಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದಳು, ಬರೆದದ್ದಕ್ಕೆ ಒಂದೂ ಕೇಳುತ್ತಿರಲಿಲ್ಲ. ಔಷಧಿ ಡಬ್ಬಿಯ ಮೇಲೆ ಊಟಕ್ಕೆ ಅರ್ಧ ಗಂಟೆ ಮೊದಲು ಎಂದಿದ್ದರೆ ಗಡಿಯಾರ ನೋಡಿಕೊಂಡು ತಟ್ಟೆಯ ಮುಂದೆ ಕುಳಿತಿರುತ್ತಿದ್ದಳು. ಅದನ್ನು ನೋಡಿ ನಾನು ನಗುತ್ತಿದ್ದೆ.

ಮದುವೆಯಾಗಿ ಕೆಲವು ವರ್ಷಕ್ಕೆ ಅಕ್ಕ ಭಾವ ವಸಂತಪುರದಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡರು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಕ್ಕಳಾಗಲಿಲ್ಲ. ನಲವತ್ತು ದಾಟುವ ಮೊದಲೇ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತಿದೆ, ಅದನ್ನು ನಿಧಾನ ಮಾಡಬಹುದು, ಹಿಂದಕ್ಕೆ ತರಲಾಗದು ಎಂದರು ಡಾಕ್ಟರು. ಮೊದಲು ರಾತ್ರಿ ಮಾತ್ರ ಆಕ್ಸಿಜನ್ ಬೇಕಿತ್ತು. ವರ್ಷ ಕಳೆಯುವಷ್ಟರಲ್ಲಿ ಹಗಲೂ ಮೂಗಿಗೆ ಕೊಳವೆ ಬಂತು.

ನಾನು ಕೆಲಸಕ್ಕಿದ್ದ ಅಂಗಡಿ ತಿಲಕ್ ನಗರದಲ್ಲಿತ್ತು. ಮನೆಯಲ್ಲಿ ಮಲಗಿದ ರೋಗಿಗಳಿಗೆ ಬೇಕಾದ ಸಾಮಾನುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ತಲೆ ಕಡೆ ಎತ್ತರಿಸಬಹುದಾದ ಮಂಚ, ಗಾಲಿ ಕುರ್ಚಿ, ನೀರಿನ ಹಾಸಿಗೆ, ಆಕ್ಸಿಜನ್ ಸಿಲಿಂಡರ್. ಅಂಗಡಿಯ ಯಜಮಾನರು ಅರವತ್ತು ದಾಟಿದವರು, ಜಯನಗರದಲ್ಲೇ ಹುಟ್ಟಿ ಬೆಳೆದವರು. ಗಾಡಿ ಒಂದೇ. ಅದನ್ನು ಓಡಿಸುವ ಡ್ರೈವರೂ ಒಬ್ಬರೇ, ನಡುವಯಸ್ಸಿನವರು, ಸಿಲಿಂಡರನ್ನು ಹೆಗಲ ಮೇಲೆ ಮಗುವಿನಂತೆ ಹೊತ್ತು ಮೂರು ಮಹಡಿ ಹತ್ತುತ್ತಿದ್ದರು. ಬಿಲ್ಲು, ಫೋನು, ಕಂಪ್ಯೂಟರು ನನ್ನದು. ಅಕ್ಕನ ಸಿಲಿಂಡರೂ ಇಲ್ಲಿಂದಲೇ ಹೋಗುತ್ತಿತ್ತು.

ಅಂಗಡಿಗೆ ಒಂದು ಪದ್ಧತಿ ಇತ್ತು. ಬನಶಂಕರಿ ಬಸ್ ಸ್ಟ್ಯಾಂಡ್ ದಾಟಿದ ಮನೆಗಾದರೆ ಜೋಡಿ ಸಿಲಿಂಡರ್. ಒಂದು ನಡೆಯುತ್ತಿರುವುದು, ಇನ್ನೊಂದು ತುಂಬಿದ್ದು, ಗೋಡೆಗೆ ಒರಗಿಸಿಟ್ಟಿರುವುದು. ತುಂಬಿದ್ದರ ಕೊರಳಿಗೆ ಬಿಳಿ ಬಟ್ಟೆಯ ಚೂರು ಕಟ್ಟುತ್ತಿದ್ದೆವು. ಡ್ರೈವರು ಹೋದ ಮನೆಯಲ್ಲೆಲ್ಲ ಮೊದಲು ಆ ಬಿಳಿ ಬಟ್ಟೆ ಇದೆಯೇ ಎಂದು ನೋಡುತ್ತಿದ್ದರು. ಯಾಕೆ ಸಾರ್ ಎರಡೆರಡು ಎಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಜಮಾನರನ್ನು ಕೇಳಿದ್ದೆ. ಗಾಡಿ ಕೆಟ್ಟು ನಿಂತರೆ ಉಸಿರು ಕಾಯುತ್ತಾ ಕೂತಿರುವುದಿಲ್ಲ ಎಂದಿದ್ದರು.

ಎರಡು ಸಾವಿರದ ಇಸವಿ ಬಂದು ಐದಾರು ವರ್ಷವಾಗಿತ್ತು. ಅಂಗಡಿಗೆ ಒಂದು ವೆಬ್‌ಸೈಟ್ ಇದ್ದರೂ ಅದರತ್ತ ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಮಂಚ ಬಾಡಿಗೆಗೆ ಪಡೆಯಲು ಬಂದವರೊಬ್ಬರು, ನಿಮ್ಮ ಅಂಗಡಿ ಸಿಕ್ಕಿದ್ದೇ ಕಷ್ಟ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬೇರೆಯವರೇ ಬರುತ್ತಾರೆ, ನೀವು ನಾಲ್ಕನೇ ಪುಟದಲ್ಲಿದ್ದೀರಿ ಎಂದರು. ಯಜಮಾನರಿಗೆ ಅದು ಚುಚ್ಚಿತು. ಇಪ್ಪತ್ತು ವರ್ಷದ ಅಂಗಡಿ, ನಿನ್ನೆ ಮೊನ್ನೆಯವರ ಹಿಂದೆ ನಿಲ್ಲಬೇಕೇ ಎಂದು ಎರಡು ದಿನ ಅದನ್ನೇ ಹೇಳುತ್ತಿದ್ದರು. ಆಮೇಲೆ ಯಾರದೋ ಮೂಲಕ ಒಬ್ಬರನ್ನು ಕರೆಸಿದರು.

ಅವರು ಬಾಗಲಕೋಟೆ ಕಡೆಯವರು. ಬಿಟಿಎಂನಲ್ಲಿ ಹೆಂಡತಿಯೊಂದಿಗೆ ಬಾಡಿಗೆ ಮನೆ. ವಾರವೆಲ್ಲ ಯಾವುದೋ ಆಫೀಸು, ಶನಿವಾರ ಮಾತ್ರ ನಮ್ಮಂಥ ಅಂಗಡಿಗಳ ಸೈಟನ್ನು ಮೇಲಕ್ಕೆ ತರುವ ಕೆಲಸ. ಮಾತು ಮೆಲ್ಲಗೆ. ಕುರ್ಚಿ ಎಳೆದುಕೊಂಡು ನನ್ನ ಕಂಪ್ಯೂಟರಿನ ಪಕ್ಕ ಕುಳಿತು ನಮ್ಮ ಪುಟವನ್ನು ಮೇಲೆ ಕೆಳಗೆ ಮಾಡಿ ನೋಡಿದರು.

"ನೋಡ್ರಿ ಸರ, ನಿಮ್ಮ ಅಂಗಡಿ ಎಷ್ಟು ಚಲೋ ಐತಿ ಅನ್ನೋದು ಈ ಹುಡುಕೋ ಸೈಟಿಗೆ ಗೊತ್ತಾಗಂಗಿಲ್ಲ. ಅದು ಬರೆದದ್ದನ್ನ ಅಷ್ಟ ಓದತೈತಿ. ಎಷ್ಟು ಏರಿಯಾ ಹೆಸರು ಬರೀತೀರಿ, ಅಷ್ಟೂ ಕಡೆ ನೀವು ಅದೀರಿ ಅಂತ ತಿಳ್ಕೊಂತೈತಿ."

"ನಮ್ಮ ಹತ್ರ ಇರೋದು ಒಂದೇ ಗಾಡಿ ಕಣಪ್ಪ," ಎಂದರು ಯಜಮಾನರು.

"ಗಾಡಿ ಅದಕ್ಕ ಕಾಣಂಗಿಲ್ಲ ಬಿಡ್ರಿ."

ಯಜಮಾನರು ನಕ್ಕರು. ನಾನೂ ನಕ್ಕೆ.

ಒಂದೊಂದು ಬಡಾವಣೆಗೂ ಒಂದೊಂದು ಪುಟ ಮಾಡಬೇಕು ಎಂದು ಅವರು ಹೇಳಿಕೊಟ್ಟರು. ಪುಟದ ತಲೆಯಲ್ಲಿ ಬಡಾವಣೆಯ ಹೆಸರು, ಮೊದಲ ಸಾಲಿನಲ್ಲಿ ಮತ್ತೊಮ್ಮೆ, ನಡುವೆ ನಾಲ್ಕೈದು ಸಲ. ಪುಟದ ತಳದಲ್ಲಿ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ಸುತ್ತಮುತ್ತಲ ಹೆಸರುಗಳನ್ನೆಲ್ಲ ತುಂಬಿಸಿದರು. ನೋಡುವವರಿಗೆ ಅಲ್ಲಿ ಖಾಲಿ ಜಾಗ. ಮೌಸ್ ಒತ್ತಿ ಎಳೆದಾಗ ಮಾತ್ರ ನೀಲಿ ಪಟ್ಟಿಯೊಳಗಿಂದ ಸಾಲು ಸಾಲು ಹೆಸರು ಏಳುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ಯಾರಾದರೂ ಕಂಡರೇನೋ ಎಂದು ಹಿಂದಕ್ಕೆ ತಿರುಗಿ ನೋಡಿದೆ. ನಾಲ್ಕು ದಿನದಲ್ಲಿ ರೂಢಿಯಾಯಿತು. ಊರಿನ ಅಂಗಡಿಗಳ ನಂಬರುಗಳನ್ನೆಲ್ಲ ಒಂದೆಡೆ ಕೊಡುವ ಬೇರೆ ಬೇರೆ ಪಟ್ಟಿ ಸೈಟುಗಳಿಗೆ ಅಂಗಡಿಯ ಹೆಸರು, ನಂಬರು, ಎರಡು ಸಾಲಿನ ವಿವರ ಕಳಿಸುವುದು ಇನ್ನೊಂದು ಕೆಲಸ. ಅವು ಎಷ್ಟು ಹೆಚ್ಚು ಕಡೆ ಇದ್ದರೆ ಅಷ್ಟು ಒಳ್ಳೆಯದಂತೆ. ನಾನು ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ದಿನಕ್ಕೆ ಹತ್ತು ಹದಿನೈದು ಕಡೆ ಕಳಿಸುತ್ತಿದ್ದೆ.

ಮೊದಲ ಪುಟ ಬರೆದದ್ದು ಜಯನಗರಕ್ಕೆ. ಅಲ್ಲಿಗೆ ನಮ್ಮ ಗಾಡಿ ನಿಜವಾಗಿಯೂ ಅರ್ಧ ಗಂಟೆಯೊಳಗೆ ಹೋಗುತ್ತಿತ್ತು. ಯಜಮಾನರು ಹೇಳಿದ ಹಾಗೆಯೇ ನಾನು ಇಂಗ್ಲಿಷಿನಲ್ಲಿ ಬರೆದೆ: ಅರ್ಧ ಗಂಟೆಯೊಳಗೆ ನಿಮ್ಮ ಮನೆ ಬಾಗಿಲಿಗೆ. ಆ ಪುಟವನ್ನು ಹಾಗೆಯೇ ಎತ್ತಿ, ಜಯನಗರ ಎಂದಿದ್ದಲ್ಲೆಲ್ಲ ಜೆ.ಪಿ. ನಗರ ಎಂದು ಒಂದೇ ಸಲಕ್ಕೆ ಬದಲಾಯಿಸಿದೆ. ಆಮೇಲೆ ಬನಶಂಕರಿ, ಬಿಟಿಎಂ, ಅರೆಕೆರೆ, ವಸಂತಪುರ. ಒಂದು ಮಧ್ಯಾಹ್ನದಲ್ಲಿ ಹನ್ನೊಂದು ಪುಟ. ಹೆಸರು ಬದಲಾಯಿತು, ಅರ್ಧ ಗಂಟೆ ಬದಲಾಗಲಿಲ್ಲ. ಸುಳ್ಳು ಬರೆಯಬೇಕೆಂದು ಯಾರೂ ಕೂತು ಬರೆದದ್ದಲ್ಲ ಅದು.

ಅರೆಕೆರೆಯ ಪುಟದಲ್ಲಿ ಅದು ನನ್ನ ಕಣ್ಣಿಗೆ ಬಿತ್ತು. ಬನ್ನೇರುಘಟ್ಟ ರಸ್ತೆಯಲ್ಲಿ ಅರ್ಧ ಗಂಟೆಯಲ್ಲಿ ಅಲ್ಲಿಗೆ ಹೋಗುವುದು ಸಾಧ್ಯವೇ ಇಲ್ಲ. ಬಾಗಲಕೋಟೆಯವರನ್ನು ಕೇಳಿದೆ. ಇರಲಿ ಬಿಡಿ, ಜನ ಆ ಸಾಲನ್ನು ನೋಡಿಯೇ ಒಳಗೆ ಬರುತ್ತಾರೆ ಎಂದರು. ಯಜಮಾನರನ್ನು ಕೇಳಿದೆ. ಟ್ರಾಫಿಕ್ ಇಲ್ಲದಿದ್ದರೆ ಆಗುತ್ತದಮ್ಮ ಎಂದರು. ನಾನು ಮತ್ತೆ ಕೇಳಲಿಲ್ಲ.

ಎರಡು ಮೂರು ತಿಂಗಳು ಕಳೆದರೂ ನಾವು ಬರೆದವು ಹುಡುಕಾಟದ ಎರಡನೇ ಪುಟ ಬಿಟ್ಟು ಮೇಲೇಳಲಿಲ್ಲ. ಎಲ್ಲವೂ ಒಂದೇ ಥರ ಇದ್ದರೆ ಅದಕ್ಕೆ ಅನುಮಾನ ಬರುತ್ತದೆ, ಒಂದು ಪುಟದಲ್ಲಾದರೂ ನಿಜವಾದ ಸಂಗತಿ ಬರೆದು ನೋಡೋಣ ಎಂದರು ಬಾಗಲಕೋಟೆಯವರು. ನಿಮಗೆ ಚೆನ್ನಾಗಿ ಗೊತ್ತಿರುವ ಏರಿಯಾ ಯಾವುದು ಎಂದು ನನ್ನನ್ನು ಕೇಳಿದರು. ವಸಂತಪುರ ಎಂದೆ.

ಆ ಭಾನುವಾರ ಅಕ್ಕನ ಮನೆಯಲ್ಲಿ ಕೂತು ಬರೆದುಕೊಂಡೆ. ಅಕ್ಕ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಹೇಳುತ್ತಿದ್ದಳು, ಪಕ್ಕದಲ್ಲಿ ಸಿಲಿಂಡರಿಗೆ ಕಟ್ಟಿದ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ದೇವಸ್ಥಾನದ ಇಳಿಜಾರಿನಿಂದ ಯಾವ ಕಡೆ ತಿರುಗಬೇಕು, ಟಾರು ಎಲ್ಲಿ ಮುಗಿಯುತ್ತದೆ, ಮನೆ ನಂಬರುಗಳು ಎಲ್ಲಿ ತಲೆಕೆಳಗಾಗುತ್ತವೆ, ಹೊಸಬರು ಹಿಟ್ಟಿನ ಗಿರಣಿಯ ಹತ್ತಿರ ಯಾಕೆ ದಾರಿ ತಪ್ಪುತ್ತಾರೆ. ಆಮೇಲೆ ಸಿಲಿಂಡರಿನ ಬಗ್ಗೆ. ಮೀಟರಿನ ಮುಳ್ಳು ಕೆಂಪು ಗೆರೆಗೆ ಬರುವ ಮೊದಲೇ ಹೇಗೆ ಎಚ್ಚರವಾಗಿರಬೇಕು, ಬಾಟಲಿಯ ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು.

"ಅದೇ ರೂಮಲ್ಲಿ ದೇವರ ದೀಪ ಹಚ್ಚಬಾರದು ಅಂತ ಬರಿ. ನಾನು ಒಂದು ತಿಂಗಳು ಹಚ್ಚಿದೀನಿ, ಯಾರೂ ಹೇಳ್ಲೇ ಇಲ್ಲ ನಂಗೆ," ಎಂದಳು.

"ಹೇಳಿದ್ರೆ ಕೇಳ್ತಿದ್ದೆಯಾ?" ಎಂದರು ಭಾವ ಒಳಗಿನಿಂದ.

"ಬರ್ದಿದ್ರೆ ಕೇಳ್ತಿದ್ದೆ."

ಎಲ್ಲವನ್ನೂ ಬರೆದೆ. ಅದುವರೆಗೆ ಯಾವ ಅಂಗಡಿಯವರೂ ಹಾಗೆ ಬರೆದಿರಲಿಲ್ಲವೇನೋ. ಕೆಲವೇ ವಾರಗಳಲ್ಲಿ ಆ ಪುಟ ಮೇಲಕ್ಕೆ ಬಂತು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ತಮ್ಮ ತಮ್ಮಲ್ಲಿ ಅದರ ಕೊಂಡಿ ಕಳಿಸಿಕೊಂಡರಂತೆ. ವಸಂತಪುರಕ್ಕೆ ಮೊದಲನೆಯದಾಯಿತು, ಆಮೇಲೆ ಇಡೀ ಬೆಂಗಳೂರಿಗೇ ಮೊದಲ ಮೂರರಲ್ಲಿ ಒಂದಾಯಿತು. ಅದು ಮೇಲೆ ಬಂದಂತೆ ಉಳಿದ ಪುಟಗಳೂ ಅದರ ಹಿಂದೆ ಏಳತೊಡಗಿದವು. ಒಂದು ಶನಿವಾರ ಯಜಮಾನರು ಎಲ್ಲರಿಗೂ ಜಿಲೇಬಿ ತರಿಸಿದರು.

ಅಕ್ಕ ಹೇಳಿದ್ದೆಲ್ಲ ನಿಜ. ಅಷ್ಟೊಂದು ನಿಜದ ಮೇಲೆ, ಪುಟದ ನೆತ್ತಿಯಲ್ಲಿ, ಅರ್ಧ ಗಂಟೆ ಎಂಬುದು ದಪ್ಪ ಅಕ್ಷರದಲ್ಲಿ ಹಾಗೆಯೇ ಕೂತಿತ್ತು.

ನಾನು ಅದರ ಪ್ರಿಂಟ್ ತೆಗೆದು ಅಕ್ಕನಿಗೆ ಕೊಟ್ಟೆ. ಅವಳು ಅದನ್ನು ಫೋನಿನ ಮೇಲಿನ ಗೋಡೆಗೆ ಅಂಟಿಸಿದಳು. ಹಾಲಿನವರಿಗೆ, ಎದುರು ಮನೆಯವರಿಗೆ, ನೋಡಲು ಬಂದ ಹಳೆಯ ಟೀಚರುಗಳಿಗೆ ತೋರಿಸಿದಳು. ನನ್ನ ತಂಗಿ ಬರೆದಿರುವುದು ಎನ್ನುವಾಗ ಅವಳಿಗೆ ಉಸಿರು ಸಾಲದೆ ಎರಡು ಸಲ ನಿಲ್ಲಿಸಬೇಕಾಗುತ್ತಿತ್ತು. ಪಿಯುಸಿಯಲ್ಲಿ ಮೂರನೇ ದರ್ಜೆಯಲ್ಲಿ ಪಾಸಾದ ನನ್ನನ್ನು ಯಾರಾದರೂ ಹಾಗೆ ತೋರಿಸಿಕೊಂಡದ್ದು ಅದೇ ಮೊದಲು.

"ನಿಜವಾಗ್ಲೂ ಅರ್ಧ ಗಂಟೆಗೆ ಬಂದ್ಬಿಡತ್ತೇನೇ?" ಎಂದು ಒಂದು ಭಾನುವಾರ ಕೇಳಿದಳು.

"ಹೂಂ, ಹೆಚ್ಚು ಕಮ್ಮಿ," ಎಂದೆ.

ಅದಾದ ಮೇಲೆ ಎಷ್ಟೋ ಭಾನುವಾರ ಆ ಕಾಗದದ ಕೆಳಗೆ ಕೂತು ಊಟ ಮಾಡಿದೆ. ಇಲ್ಲ ಅಕ್ಕ, ಅದು ಸುಮ್ಮನೆ ಬಂದು ಸೇರಿಕೊಂಡ ಸಾಲು ಎನ್ನಲು ಬಾಯಿ ಬರಲಿಲ್ಲ. ಅವಳ ಮನೆಯಲ್ಲಿ ಹೇಗೂ ಜೋಡಿ ಸಿಲಿಂಡರ್ ಇದೆ, ಆ ಸಾಲಿನಿಂದ ಅವಳಿಗೇನೂ ಆಗದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಫೋನು ಹುಚ್ಚು ಹಿಡಿದಂತೆ ಬಡಿದುಕೊಳ್ಳತೊಡಗಿತ್ತು. ಮೊದಲೆಲ್ಲ ನಮ್ಮ ಗಿರಾಕಿಗಳು ಎರಡು ಮೂರು ಬಡಾವಣೆಯವರು. ಈಗ ನಾನು ಹೆಸರೇ ಕೇಳದ ಲೇಔಟುಗಳಿಂದ ಕರೆ. ಎಲ್ಲರದೂ ಒಂದೇ ಮಾತು, ಅರ್ಧ ಗಂಟೆ ಅಂತ ಹಾಕಿದ್ದೀರಲ್ಲ. ಗಾಡಿ ಅರೆಕೆರೆಗೆ ಹೋಗಿ ಬರುವಷ್ಟರಲ್ಲಿ ಕತ್ರಿಗುಪ್ಪೆಯವರು ನಾಲ್ಕು ಸಲ ಫೋನು ಮಾಡಿರುತ್ತಿದ್ದರು. ಡ್ರೈವರು ಊಟ ಬಿಟ್ಟು ಓಡಿಸುತ್ತಿದ್ದರು. ಸಿಲಿಂಡರು ಹೊಸದಾಗಿ ಸಿಗುತ್ತಿರಲಿಲ್ಲ. ಖಾಲಿಯಾದವನ್ನು ತುಂಬಿಸುವ ಕಾರ್ಖಾನೆಯಲ್ಲಿ ಸರದಿ ಕಾಯಬೇಕಿತ್ತು.

ಆಗ ಯಜಮಾನರು ಒಂದು ತೀರ್ಮಾನ ಮಾಡಿದರು. ಜೋಡಿ ಇರುವ ಮನೆಗಳಿಂದ ಒಂದೊಂದನ್ನು ವಾಪಸ್ ತರಿಸುವುದು. ಬೇಕೆಂದಾಗ ನಾವು ಕಳಿಸುತ್ತೇವಲ್ಲ, ಸುಮ್ಮನೆ ಗೋಡೆಗೆ ಒರಗಿ ನಿಂತಿರುವುದು ಇನ್ನೊಬ್ಬರಿಗೆ ಆಗಲಿ ಎಂದರು. ಅವರು ಕೆಟ್ಟವರಲ್ಲ. ಇಪ್ಪತ್ತು ವರ್ಷ ತಾವೇ ಕಾಪಾಡಿಕೊಂಡು ಬಂದ ಪದ್ಧತಿಯನ್ನು ಮುರಿಯುವಾಗ ನನ್ನ ಮುಖ ನೋಡಲಿಲ್ಲ. ಪಟ್ಟಿ ಹಿಡಿದು ಎಲ್ಲರಿಗೂ ಫೋನು ಮಾಡುವ ಕೆಲಸ ನನ್ನದಾಯಿತು. ಮಾಡಿದೆ. ಪಟ್ಟಿಯಲ್ಲಿ ಅಕ್ಕನ ಮನೆ ಬಂದಾಗ ಅದನ್ನು ಬಿಟ್ಟು ಮುಂದಿನ ಹೆಸರಿಗೆ ಹೋದೆ. ಯಾರಿಗೂ ಹೇಳಲಿಲ್ಲ.

ಆ ಗುರುವಾರ ಡ್ರೈವರು ವಸಂತಪುರದಿಂದ ಹೊರಟಾಗ ಗಾಡಿಯಲ್ಲಿ ಅಕ್ಕನ ಮನೆಯ ಖಾಲಿ ಸಿಲಿಂಡರಿನ ಜೊತೆ ತುಂಬಿದ್ದೂ ಒಂದಿತ್ತು, ಕೊರಳಲ್ಲಿ ಬಿಳಿ ಬಟ್ಟೆ. ನನಗೆ ಇದು ಗೊತ್ತಾಗಿದ್ದು ಸಂಜೆ, ಅವರು ಅದನ್ನು ದಾರಿಯಲ್ಲೇ ಬಿಟಿಎಂನ ಒಂದು ಮನೆಗೆ ಕೊಟ್ಟು ಬಂದ ಮೇಲೆ.

"ನಾನು ಬೇಡ ಅಂದೆ ಮೇಡಂ," ಎಂದರು. "ಬೇರೆ ಮನೆಯವರ್ದೆಲ್ಲ ತಗೊಂಡು ಹೋಗ್ತಿದೀರಂತೆ, ನಂದೂ ತಗೊಂಡೋಗಿ ಅಂತಾರೆ ನಿಮ್ಮಕ್ಕ. ಆ ಪೇಪರ್ ತೋರಿಸ್ತಾರೆ. ಓದಿ ಅಂತಾರೆ. ನಂಗೆ ಇಂಗ್ಲಿಷ್ ಎಲ್ಲಿ ಬರತ್ತೆ."

ಅಕ್ಕನಿಗೆ ಫೋನು ಮಾಡಿ ಬೈದೆ. ಅವಳು ಬೈಸಿಕೊಂಡಳು. ಯಾರೋ ಪಾಪ ಒದ್ದಾಡುತ್ತಿರುತ್ತಾರೆ, ನನಗೆ ನೀನಿದ್ದೀಯಲ್ಲ ಎಂದಳು. ಶನಿವಾರ ಇನ್ನೊಂದು ಕಳಿಸುತ್ತೇನೆ ಎಂದೆ. ನಡುವೆ ಇದ್ದದ್ದು ಶುಕ್ರವಾರ ಒಂದೇ.

ಶುಕ್ರವಾರ ಬೆಳಿಗ್ಗೆಯಿಂದಲೂ ಅಂಗಡಿಯಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು. ಸಿಲಿಂಡರುಗಳು ನಿಲ್ಲುವ ಮೂಲೆ ಖಾಲಿಯಾಗಿತ್ತು. ಅಲ್ಲಿನ ನೆಲದ ಮೇಲೆ ದುಂಡನೆಯ ತುಕ್ಕಿನ ಗುರುತುಗಳು ಕಾಣುತ್ತಿದ್ದವು. ನಾನು ಕೆಲಸಕ್ಕೆ ಸೇರಿದ ಮೇಲೆ ಆ ನೆಲವನ್ನು ನೋಡಿಯೇ ಇರಲಿಲ್ಲ. ಇದ್ದ ಮೂರನ್ನು ಹೇರಿಕೊಂಡು ಡ್ರೈವರು ಹನ್ನೆರಡು ಗಂಟೆಗೆ ಜೆ.ಪಿ. ನಗರ, ಅರೆಕೆರೆ ಎಂದು ಹೊರಟಿದ್ದರು. ಯಜಮಾನರು ಕಾರ್ಖಾನೆಗೆ ಹೋಗಿದ್ದರು, ಕೂತು ತುಂಬಿಸಿಕೊಂಡು ಬರುತ್ತೇನೆಂದು.

ಎರಡೂವರೆಯ ಹೊತ್ತಿಗೆ ಫೋನು ಬಂತು. ನಾನು ಎಲ್ಲರಿಗೂ ಹೇಳುವಂತೆ ಅಂಗಡಿಯ ಹೆಸರು ಹೇಳಿ ನಮಸ್ಕಾರ ಎಂದೆ. ಆ ಕಡೆ ಸಣ್ಣಗೆ ನಗು.

"ಎಷ್ಟು ಚೆನ್ನಾಗಿ ಮಾತಾಡ್ತೀಯೇ. ನಾನು ಕಣೇ."

ಅಕ್ಕ ನನ್ನ ಮೊಬೈಲಿಗೆ ಮಾಡಿರಲಿಲ್ಲ. ಗೋಡೆಯ ಮೇಲಿನ ಕಾಗದದಲ್ಲಿದ್ದ ಅಂಗಡಿಯ ನಂಬರಿಗೆ ಮಾಡಿದ್ದಳು. ಬೆಳಿಗ್ಗೆ ಕೆಮ್ಮು ಹೆಚ್ಚಾಗಿ ಗಾಳಿಯನ್ನು ಜಾಸ್ತಿ ಇಟ್ಟುಕೊಂಡಿದ್ದಳಂತೆ. ಬೇಗ ಮುಗಿಯುತ್ತಾ ಬಂದಿತ್ತು. ಒಂದೊಂದು ಮಾತಿಗೂ ನಿಲ್ಲುತ್ತಿದ್ದಳು.

"ಮುಳ್ಳು ಕೆಂಪಿಗೆ ಬಂದಿದೆ. ನಿಮ್ಮ ಭಾವ, ಎದುರು ಮನೆಯವರ ಕಾರಲ್ಲಿ ಆಸ್ಪತ್ರೆಗೆ ಹೋಗ್ಬಿಡೋಣ ಅಂತಿದಾರೆ. ಹೋಗೋದಾ? ಇಲ್ಲಾ, ಬರತ್ತಾ ನಿಮ್ದು?"

ನನ್ನ ಎದುರಿನ ಮೂಲೆ ಖಾಲಿ. ಗಾಡಿ ಅರೆಕೆರೆಯಲ್ಲಿದೆ ಎಂದು ನನಗೆ ಗೊತ್ತು.

"ಬರತ್ತೆ ಅಕ್ಕ. ಅರ್ಧ ಗಂಟೆ," ಎಂದೆ.

ಯಾಕೆ ಹಾಗೆಂದೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಆ ದಿನ ಬೆಳಿಗ್ಗೆಯಿಂದ ಇಪ್ಪತ್ತು ಜನಕ್ಕಾದರೂ ಅದನ್ನೇ ಹೇಳಿದ್ದೆ. ಬಾಯಿ ಅದೇ ಜಾಡಿಗೆ ಬಿದ್ದಿತ್ತು. ಅವಳ ಮುಂದೆ ಆ ಸಾಲು ಸುಳ್ಳಾಗಬಾರದು ಎಂದೂ ಇದ್ದಿರಬೇಕು.

ಸರಿ ಹಾಗಾದರೆ ಎಂದು ಅವಳು ಫೋನು ಇಟ್ಟಳು. ಭಾವನಿಗೆ ಹೇಳುತ್ತಿದ್ದುದು ಇಡುವ ಮೊದಲು ಕೇಳಿಸಿತು, ಕಾರು ಬೇಡವಂತೆ ಹೇಳಿ ಎಂದು.

ಡ್ರೈವರಿಗೆ ಫೋನು ಮಾಡಿದೆ. ಅವರ ಬಳಿ ಒಂದು ಸಿಲಿಂಡರ್ ಉಳಿದಿತ್ತು, ಅದನ್ನು ಇಳಿಸಬೇಕಾದ ಮನೆಯ ಬಾಗಿಲಲ್ಲೇ ಇದ್ದರು.

"ಇಲ್ಲೂ ಒಬ್ರು ಅಜ್ಜ ಕಾಯ್ತಾವ್ರೆ ಮೇಡಂ. ಇವರಿಗೂ ಅರ್ಧ ಗಂಟೆ ಅಂದಿದೀವಿ, ಎರಡು ಗಂಟೆ ಹೊತ್ತು ಆಗೋಯ್ತು."

ಆ ಮನೆಯಲ್ಲಿ ಎಷ್ಟು ಉಳಿದಿದೆ ನೋಡಿ ಎಂದೆ. ನೋಡಿ ಬಂದು, ಇನ್ನೊಂದು ಗಂಟೆ ಬರಬಹುದು ಎಂದರು. ಹಾಗಾದರೆ ಕೈಮುಗಿದು ಹೇಳಿ, ಆ ಸಿಲಿಂಡರನ್ನು ಅಕ್ಕನ ಮನೆಗೆ ತೆಗೆದುಕೊಂಡು ಹೋಗಿ ಎಂದೆ. ಅವರು ಒಪ್ಪಿಸಿ ಹೊರಟರು. ಅರೆಕೆರೆಯಿಂದ ವಸಂತಪುರ, ಅದೂ ಶುಕ್ರವಾರ ಮಧ್ಯಾಹ್ನ, ಮಾರ್ಗದುದ್ದಕ್ಕೂ ಅಗೆದ ರಸ್ತೆ.

ಅಕ್ಕನಿಗೆ ತಿರುಗಿ ಫೋನು ಮಾಡಿ, ಕಾಯಬೇಡಿ, ಕಾರು ತರಿಸಿ ಎನ್ನಲು ನನಗೆ ಒಂದು ನಿಮಿಷ ಸಾಕಿತ್ತು. ಫೋನು ಕೈಯಲ್ಲೇ ಇತ್ತು. ಅಷ್ಟರಲ್ಲಿ ಅದೇ ಬಡಿದುಕೊಂಡಿತು. ಬೇರೆ ಯಾರೋ. ತೆಗೆದುಕೊಂಡೆ. ಅವರಾದ ಮೇಲೆ ಇನ್ನೊಬ್ಬರು. ಹೀಗೆ ನಲವತ್ತು ನಿಮಿಷ ಹೋಯಿತು. ಆಮೇಲೆ ನಾನು ಮಾಡಿದಾಗ ಅಕ್ಕನ ಮನೆಯ ಫೋನು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಶಟರ್ ಎಳೆದು ಆಟೋ ಹಿಡಿದೆ. ಬನಶಂಕರಿ ದಾಟುವಷ್ಟರಲ್ಲಿ ಅಕ್ಕನ ಮನೆಗೆ ಮತ್ತೆ ಮೂರು ಸಲ ಫೋನು ಮಾಡಿದೆ. ಎಲ್ಲ ಗಾಡಿಗಳೂ ನಿಂತಿದ್ದವು. ಆಟೋದವರು ಯಾಕಕ್ಕ ಅಳ್ತೀರಾ ಎಂದು ಕೇಳಿದಾಗಲೇ ನಾನು ಅಳುತ್ತಿದ್ದೇನೆಂದು ಗೊತ್ತಾದದ್ದು.

ಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಬಾಟಲಿಯ ನೀರು ಅಲ್ಲಾಡದೆ ನಿಂತಿತ್ತು. ಎದುರು ಮನೆಯಾಕೆ ಬಂದು ನನ್ನ ಕೈ ಹಿಡಿದುಕೊಂಡರು. ಅರ್ಧ ಗಂಟೆ ಪೂರ್ತಿ ಕಾದು, ಕೊನೆಗೆ ಭಾವ ಅವಳನ್ನು ಎತ್ತಿಕೊಂಡೇ ಕಾರಿಗೆ ಓಡಿದರಂತೆ. ಕನಕಪುರ ರಸ್ತೆಗೆ ಸೇರುವ ಮೊದಲೇ ಹೋಗಿಬಿಟ್ಟಳಂತೆ. ಅವರು ಇದನ್ನು ಹೇಳುತ್ತಿರುವಾಗ ನಮ್ಮ ಗಾಡಿ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರು ಸಿಲಿಂಡರನ್ನು ಹೆಗಲಿಗೆ ಏರಿಸಿಕೊಂಡು ಎರಡು ಹೆಜ್ಜೆ ಬಂದವರು ನಮ್ಮ ಮುಖ ನೋಡಿ ಅಲ್ಲೇ ನಿಂತರು. ಎಷ್ಟೋ ಹೊತ್ತು ಅದನ್ನು ಇಳಿಸಲೇ ಇಲ್ಲ.

ಟ್ರಾಫಿಕ್ಕಿನಿಂದ ತಡವಾಯಿತು ಎಂದೇ ಭಾವ ತಿಳಿದಿದ್ದರು. ಬಂದವರಿಗೆಲ್ಲ ಹಾಗೆಯೇ ಹೇಳುತ್ತಿದ್ದರು, ಈ ಊರಿನ ರಸ್ತೆ ನನ್ನ ಹೆಂಡತಿಯನ್ನು ತಿಂತು ಎಂದು. ವೈಕುಂಠ ಸಮಾರಾಧನೆಯ ಮಾರನೆಯ ದಿನ, ನೆಂಟರೆಲ್ಲ ಹೋದ ಮೇಲೆ, ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಗಾಡಿ ಅರೆಕೆರೆಯಲ್ಲಿತ್ತು, ಅಂಗಡಿಯಲ್ಲಿ ಒಂದೂ ಇರಲಿಲ್ಲ, ಗೊತ್ತಿದ್ದೇ ಅರ್ಧ ಗಂಟೆ ಎಂದೆ. ಅವರು ಮಡಚಿದ ಪಂಚೆಯನ್ನು ಮತ್ತೆ ಬಿಡಿಸಿ ಮಡಚಿದರು.

"ಅವಳಿಗೆ ಗೊತ್ತಿರ್ಲಿಲ್ಲ ಅಲ್ವಾ?"

"ಇಲ್ಲ ಭಾವ."

"ಹಾಗಾದ್ರೆ ಬಿಡು."

ಅವರು ನನ್ನೊಂದಿಗೆ ಮಾತು ಬಿಡಲಿಲ್ಲ. ಆದರೆ ಭಾನುವಾರ ಊಟಕ್ಕೆ ಬಾ ಎಂದು ಮತ್ತೆ ಕರೆಯಲಿಲ್ಲ.

ನಾನು ಅಂಗಡಿಗೆ ಹೋಗಿ ಮೊದಲು ಮಾಡಿದ್ದು ಆ ಸಾಲನ್ನು ಹನ್ನೊಂದೂ ಪುಟಗಳಿಂದ ತೆಗೆದದ್ದು. ಯಜಮಾನರು ಬೇಡ ಎನ್ನಲಿಲ್ಲ, ಜೋಡಿ ಪದ್ಧತಿಯನ್ನೂ ಮತ್ತೆ ತಂದರು. ತೆಗೆದ ಮೇಲೂ ಹುಡುಕಿದರೆ ನಮ್ಮ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದೇ ಬರುತ್ತಿತ್ತು, ಅರ್ಧ ಗಂಟೆಯೊಳಗೆ ವಸಂತಪುರಕ್ಕೆ. ಬಾಗಲಕೋಟೆಯವರು ಶನಿವಾರ ಬಂದರು. ಹಳೆಯದನ್ನು ಹುಡುಕುವ ಸೈಟು ಕೆಲವು ವಾರ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಹೋಗುತ್ತದೆ ಎಂದರು. ಪಟ್ಟಿ ಸೈಟುಗಳಿಗೆ ಕಳಿಸಿದ್ದು ಏನಾಗುತ್ತದೆ ಎಂದು ಕೇಳಿದೆ.

"ನಮ್ಮ ಪುಟ ನಾವು ತಗೀಬಹುದ್ರಿ ಅಕ್ಕಾರ. ಮಂದಿ ಎತ್ಕೊಂಡಿದ್ದು ನಮ್ಮ ಕೈಯಾಗಿಲ್ರಿ. ಒಬ್ಬರದು ನೋಡಿ ಇನ್ನೊಬ್ಬರು ಎತ್ಕೊಂತಾರ."

ಎಷ್ಟು ಕಡೆ ಕಳಿಸಿದ್ದೆನೋ ನನಗೇ ನೆನಪಿರಲಿಲ್ಲ. ಸಿಕ್ಕಿದವರಿಗೆಲ್ಲ ಪತ್ರ ಬರೆದೆ. ಕೆಲವರು ತೆಗೆದರು. ಹಲವು ಸೈಟುಗಳ ಹಿಂದೆ ಪತ್ರ ಓದುವ ಮನುಷ್ಯರೇ ಇದ್ದಂತೆ ಕಾಣಲಿಲ್ಲ. ನಾನು ಕಳಿಸದೇ ಇದ್ದ ಕಡೆಯೂ ಅದು ಇತ್ತು. ವಾರಕ್ಕೊಮ್ಮೆ ಹುಡುಕುತ್ತಿದ್ದೆ, ವಾರಕ್ಕೊಂದು ಹೊಸ ಕಡೆ ಸಿಗುತ್ತಿತ್ತು.

ಎರಡು ವರ್ಷದ ನಂತರ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಅಂಗಡಿ ಮುಚ್ಚಿತು. ವೆಬ್‌ಸೈಟೂ ಹೋಯಿತು. ಅಂಗಡಿಯ ಮೊಬೈಲ್ ನಂಬರನ್ನು ನನ್ನ ಹೆಸರಿಗೆ ಮಾಡಿಕೊಡಿ ಎಂದು ಅವರ ಮನೆಯವರನ್ನು ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಬೇರೆ ಕೆಲಸ ಹಿಡಿದ ಮೇಲೂ ಆ ಫೋನನ್ನು ಚಾರ್ಜ್ ಮಾಡಿ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತೇನೆ. ಮೊದಲು ದಿನಕ್ಕೆ ಎರಡು ಮೂರು ಕರೆ ಬರುತ್ತಿದ್ದವು, ಆಮೇಲೆ ತಿಂಗಳಿಗೊಂದು. ಅಂಗಡಿ ಈಗಿಲ್ಲ ಎನ್ನುತ್ತೇನೆ. ಉಸಿರು ಹೇಗಿದೆ, ಉಗುರು ನೀಲಿಗಟ್ಟಿದೆಯೇ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಕಳೆದ ವಾರ ಒಂದು ಬಂತು. ಮಧ್ಯಾಹ್ನ, ನಾನು ಬಸ್ಸಿನಲ್ಲಿದ್ದೆ. ಹೆಣ್ಣು ದನಿ, ಅವಸರದಲ್ಲಿತ್ತು. ಹಿಂದೆ ಯಾರೋ ಕೆಮ್ಮುತ್ತಿದ್ದರು.

"ಆಂಟಿ, ಅರ್ಧ ಗಂಟೇಲಿ ಬರತ್ತೆ ಅಂತ ಇದೆಯಲ್ಲ. ನಮ್ದು ವಸಂತಪುರ. ಬರತ್ತಾ?"

"ಇಲ್ಲಮ್ಮ, ಬರಲ್ಲ. ಅಂಗಡಿ ಮುಚ್ಚಿ ತುಂಬ ವರ್ಷ ಆಯ್ತು. ಯಾರಿಗೂ ಕಾಯ್ಬೇಡ, ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೊರಡು."

ಅಯ್ಯೋ, ಸರಿ ಎಂದು ಫೋನು ಇಟ್ಟಳು. ಹೊರಡುತ್ತಾಳೋ ಇಲ್ಲವೋ ತಿಳಿಯಲಿಲ್ಲ. ನಾನು ಬಸ್ಸಿಳಿದು ಎರಡು ಸಲ ತಿರುಗಿ ಮಾಡಿದೆ. ಎರಡು ಸಲವೂ ಬಿಜಿ ಬರುತ್ತಿತ್ತು. ಯಾವುದೋ ಪಟ್ಟಿ ಸೈಟಿನಲ್ಲಿದ್ದ ಮುಂದಿನ ನಂಬರಿಗೆ ಮಾಡುತ್ತಿದ್ದಳೇನೋ.